ಐದು ಎಕರೆಗಿಂತ ಕಡಿಮೆ

ಡೊರೀನ್ ಲಪ್ರೆರಿಯವರ ಅಜ್ಜಿಯ ನಾಲ್ಕೂವರೆ ಎಕರೆಯನ್ನು ಅಳಿಸಿದವಳು ನಾನು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಸ್ಯಾನ್ ಮಟಿಯೋದ ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ, ಮೊಸರನ್ನದ ಡಬ್ಬಿ ಮುಚ್ಚಿಟ್ಟು ಒಂದು ಗುಂಡಿ ಒತ್ತಿದೆ. ಹನ್ನೊಂದು ಸೆಕೆಂಡು ಹಿಡಿಯಿತು. ಆ ಹನ್ನೊಂದು ಸೆಕೆಂಡೂ ನಾನು ಕಿಟಕಿಯಾಚೆ ಬೆಟ್ಟದಿಂದ ಇಳಿಯುತ್ತಿದ್ದ ಮಂಜನ್ನು ನೋಡುತ್ತ, ಅದು ಯಾವ ಪ್ರಾಣಿಯ ಹಾಗಿದೆ ಎಂದು ಯೋಚಿಸುತ್ತಿದ್ದೆ.

ನಮ್ಮದು ನಕ್ಷೆ ಮಾಡಿಕೊಡುವ ಕಂಪನಿ. ಆ ತಿಂಗಳು ಬಂದ ಕೆಲಸ ದೂರದ ಮಿನೆಸೋಟಾ ರಾಜ್ಯದ ಒಂದು ಕೌಂಟಿಯದು, ನಮ್ಮ ಜಿಲ್ಲಾಡಳಿತ ಇದ್ದ ಹಾಗೆ. ಅಲ್ಲಿಯ ಮೂಲನಿವಾಸಿಗಳಾದ ಚಿಪ್ಪೆವಾ ಜನರಿಗೆಂದು ಬಿಟ್ಟ ಪ್ರದೇಶದ, ಅಂದರೆ ರಿಸರ್ವೇಶನ್ನಿನ, ಒಳಗೆ, ಒಂದು ಸರೋವರದ ದಂಡೆಗುಂಟ ಹೊಸ ರಸ್ತೆ ಹಾಕಬೇಕಿತ್ತು. ರಸ್ತೆಗೆ ಮುಂಚೆ ಸಾರ್ವಜನಿಕ ನೋಟೀಸು, ನೋಟೀಸಿಗೆ ಒಂದು ನಕ್ಷೆ, ಯಾವ ತುಂಡು ಯಾರದೆಂದು ತೋರಿಸಲು. ರಿಸರ್ವೇಶನ್ನಿನ ಹೆಸರನ್ನೂ ಕೌಂಟಿಯ ಹೆಸರನ್ನೂ ಹೇಳುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಹಾಕಿದ ಸಹಿಗಳಲ್ಲಿ ಅದೊಂದನ್ನಾದರೂ ಉಳಿಸಿಕೊಳ್ಳುತ್ತೇನೆ.

ಹಳೆಯ ಸರ್ವೆ ನಕ್ಷೆಯನ್ನು ಹೊಸದರ ಮೇಲೆ ಹಾಸಿದಾಗ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಸಂದಿಯಲ್ಲಿ ಚೂರುಗಳು ಹುಟ್ಟುತ್ತವೆ, ದರ್ಜಿಯ ಅಂಗಡಿಯ ನೆಲದ ಮೇಲೆ ಬಟ್ಟೆಯ ಚೂರು ಬಿದ್ದ ಹಾಗೆ. ಅವನ್ನು ಗುಡಿಸುವುದು ನನ್ನಂಥ ಕಿರಿಯರ ಕೆಲಸ. ಒಂದು ಅಳತೆ ಕೊಟ್ಟರೆ ಅದಕ್ಕಿಂತ ಚಿಕ್ಕದೆಲ್ಲ ಹೋಗುತ್ತದೆ. ಹೋಗುತ್ತದೆ ಅಂದರೆ ಮಾಯವಾಗುವುದಿಲ್ಲ, ನೆಲ ಎಲ್ಲಿಗೆ ಹೋದೀತು? ಯಾವ ನೆರೆಯ ತುಂಡು ಅದರ ಜೊತೆ ಅತಿ ಉದ್ದದ ಗಡಿ ಹಂಚಿಕೊಂಡಿದೆಯೋ ಆ ತುಂಡು ಅದನ್ನು ನುಂಗುತ್ತದೆ. ಇದಕ್ಕೆ ನಾವು ‘ಕ್ಲೀನಪ್ಪು’ ಅನ್ನುತ್ತೇವೆ. ಆ ದಿನದ ಅಳತೆ ಐದು ಎಕರೆ ಎಂದು ಕೆಲಸದ ಹಾಳೆಯಲ್ಲಿತ್ತು. ಐದು ಎಂದು ಒತ್ತಿದೆ. ಇನ್ನೂರ ಹನ್ನೆರಡು ಚೂರು ಹೋದವು. ನಕ್ಷೆ ತೊಳೆದಿಟ್ಟ ತಟ್ಟೆಯ ಹಾಗಾಯಿತು. ನೀಲಿ ಸರೋವರಗಳ ನಡುವೆ ನನಗೊಂದು ಕೊಕ್ಕರೆ ಕಂಡಿತು. ಖುಷಿಯಾಗಿ ಮನೆಗೆ ಹೋದೆ.

ಆರು ವಾರದ ಮೇಲೆ, ಒಂದು ಮಂಗಳವಾರ, ನನ್ನ ಮ್ಯಾನೇಜರ್ ರಘೋತ್ತಮ ನನ್ನ ಮೇಜಿನ ಹತ್ತಿರ ಬಂದರು.

“ಇಂಚರಾ, ಯಾರೋ ಅಜ್ಜಿ ಬಂದಿದ್ದಾರಂತೆ ಕೆಳಗೆ. ಆ ರಸ್ತೆ ಮ್ಯಾಪಿನ ಮೂಲೇಲಿ ನಮ್ಮ ಅಡ್ರೆಸ್ಸು ನೋಡ್ಕೊಂಡು ಹುಡುಕ್ಕೊಂಡ್ ಬಂದಿದ್ದಾರೆ. ಸ್ವಲ್ಪ ನೈಸಾಗಿ ಮಾತಾಡಿ, ಕೌಂಟಿಗೆ ಫೋನ್ ಮಾಡಿ ಅಂತ ಹೇಳಿ ಕಳಿಸು. ನಿಂಗೆ ಅಜ್ಜಿಯರ ಜೊತೆ ಚೆನ್ನಾಗಿ ಸೆಟ್ಟಾಗುತ್ತಲ್ಲ.”

ಪಕ್ಕದ ಮೇಜಿನ ಸಂಪತ್ ತಲೆಯೆತ್ತದೆ ಹೇಳಿದ, “ಬಿಸ್ಕೆಟ್ ತಗೊಂಡು ಹೋಗು ಮಾರಾಯ್ತಿ. ಬೆಳಗಿನ ಮೀಟಿಂಗಿದ್ದು ಉಳಿದದ್ದು ಉಂಟು.” ಸಂಪತ್ ಮಂಗಳೂರಿನವನು. ನಾನು ಮಾಡಿದ ನಕ್ಷೆಗಳನ್ನು ಪರೀಕ್ಷೆ ಮಾಡಿ ಮುಂದಕ್ಕೆ ಕಳಿಸುವವನು ಅವನೇ.

ಕೆಳಗೆ ಕೂತಿದ್ದ ಡೊರೀನ್ ಅವರಿಗೆ ಎಪ್ಪತ್ತೇಳು ವರ್ಷ. ಬಿಳಿ ಜಡೆ. ಓಕ್ಲೆಂಡನ್ನು ಬಿಟ್ಟುಹೋದ ಬೇಸ್‌ಬಾಲ್ ತಂಡದ ಹಸಿರು ಜಾಕೆಟ್ಟು. ಓಕ್ಲೆಂಡಿಂದ ಬಾರ್ಟ್ ರೈಲು ಹಿಡಿದು, ಮಿಲ್‌ಬ್ರೇಯಲ್ಲಿ ರೈಲು ಬದಲಿಸಿ, ಸ್ಟೇಷನ್ನಿಂದ ನಡೆದು ಬಂದಿದ್ದರು. ನಾನು ಚಾಚಿದ ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು.

“ಇದನ್ನ ಮಾಡಿದ್ದು ನೀನಾ?”

“ನಮ್ಮ ಕಂಪನಿ ಮಾಡಿದ್ದು.”

“ಕಂಪನಿಗೆ ಬೆರಳಿರಲ್ಲ. ಮಾಡಿದ್ದು ಯಾರು?”

ನಾನು ಬಿಸ್ಕತ್ತಿನ ತಟ್ಟೆಯನ್ನು ನೇರ ಮಾಡಿದೆ. ಅವರು ಪ್ಲಾಸ್ಟಿಕ್ ಹಾಳೆಯೊಳಗಿಂದ ಇನ್ನೊಂದು ಕಾಗದ ತೆಗೆದರು. ನೂರ ಮೂವತ್ತು ವರ್ಷದ ಹಿಂದಿನ ಜಮೀನು ಹಂಚಿಕೆ ಪತ್ರದ ನಕಲು. ಅದರ ಮೇಲಿನ ನಂಬರನ್ನು ಬೆರಳಿಂದ ಒತ್ತಿ, ಅದೇ ಬೆರಳನ್ನು ನನ್ನ ನಕ್ಷೆಯ ಮೇಲೆ ಸರೋವರದ ಅಂಚಿಗೆ ಇಟ್ಟರು. ಕೊಕ್ಕರೆಯ ಕೊಕ್ಕಿನ ತುದಿ.

“ಇಲ್ಲಿ ನನ್ನ ಅಜ್ಜಿ ಇದ್ದಾಳೆ. ಅಗತಾ. ಪಕ್ಕದಲ್ಲಿ ಅವಳ ಇಬ್ಬರು ಮಕ್ಕಳು, ಜ್ವರ ಬಂದು ಹೋದವರು. ನಮ್ಮಲ್ಲಿ ಗೋರಿಯ ಮೇಲೆ ಮರದ ಪುಟ್ಟ ಮನೆ ಕಟ್ತೀವಿ. ಮೊಣಕಾಲೆತ್ತರ. ಸೂರಿರುತ್ತೆ, ಒಂದು ಕಿಂಡಿ ಇರುತ್ತೆ. ಮೂರು ಮನೆ. ನಾಲ್ಕೂವರೆ ಎಕರೆ. ಅದಕ್ಕೆ ನಾವು ನೂರ ಹನ್ನೆರಡು ಜನ ವಾರಸುದಾರರಿದ್ದೀವಿ. ನಿನ್ನ ನಕ್ಷೇಲಿ ಅದು ಪಕ್ಕದ ಮರದ ವ್ಯಾಪಾರಿಯದು. ರಸ್ತೆ ಮೂರು ಮನೆ ಮೇಲೂ ಹಾದುಹೋಗುತ್ತೆ.”

“ಕೌಂಟಿಗೆ ಆಕ್ಷೇಪಣೆ ಕಳಿಸಬಹುದಲ್ಲ?”

“ಕಳಿಸಲಿಲ್ಲ ಅಂದ್ಕೊಂಡೆಯಾ? ಆನ್‌ಲೈನ್ ಫಾರಮ್ಮು ಜಮೀನಿನ ನಂಬರು ಕೇಳುತ್ತೆ. ಹಾಕಿದರೆ ‘ಈ ನಂಬರು ನಕ್ಷೆಯಲ್ಲಿಲ್ಲ’ ಅನ್ನುತ್ತೆ. ಫೋನ್ ಮಾಡಿದೆ. ಗುಮಾಸ್ತೆ, ನಕ್ಷೆ ತಪ್ಪು ಅಂತ ನಕ್ಷೆ ಮಾಡಿದವರು ಹೇಳಬೇಕು, ನೀವು ಹೇಳಿದರೆ ಆಗಲ್ಲ ಅಂದಳು. ಅದಕ್ಕೇ ಬಂದೆ. ಶುಕ್ರವಾರ ಐದು ಗಂಟೆಗೆ ಮುಚ್ಚುತ್ತಾರೆ. ಆಮೇಲೆ ಬುಲ್ಡೋಜರು.”

“ನೋಡ್ತೀನಿ,” ಅಂದೆ.

“ನೋಡಿದವರು ಬೇಕಾದಷ್ಟು ಜನ ಆಗಿದ್ದಾರೆ,” ಅಂದರು. “ವಾಪಸ್ ಹಾಕು.” ನಕ್ಷೆಯ ಮೂಲೆ ಹರಿದು, ನಮ್ಮ ಕಂಪನಿಯ ವಿಳಾಸದ ಹಿಂದೆಯೇ ತಮ್ಮ ಫೋನ್ ನಂಬರು ಬರೆದುಕೊಟ್ಟು ಹೊರಟರು.

ಮೇಲೆ ಹೋಗಿ ಕ್ಲೀನಪ್ಪಿನ ಪಟ್ಟಿ ತೆಗೆದೆ. ನಿಜವಾದ ಚೂರು ನೋಡಿದ ಕೂಡಲೇ ತಿಳಿಯುತ್ತದೆ. ನೂಲಿನ ಹಾಗೆ ಉದ್ದ, ತೆಳ್ಳಗೆ, ಹೆಸರಿಲ್ಲ, ನಂಬರಿಲ್ಲ. ಇನ್ನೂರ ಹನ್ನೆರಡರಲ್ಲಿ ನೂರ ಐವತ್ತೊಂದು ಅಂಥವು. ಉಳಿದ ಅರವತ್ತೊಂದು ನೂಲಲ್ಲ. ನಾಲ್ಕು ಮೂಲೆಯಿರುವ, ನಂಬರಿರುವ, ಒಂದು ಕಾಲದಲ್ಲಿ ಯಾರದೋ ಹೆಸರಿಗೆ ಕೊಟ್ಟ ನೆಲ. ಎರಡು ಎಕರೆ, ಮೂರು ಎಕರೆ, ಮುಕ್ಕಾಲು ಎಕರೆ. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ ಅಗತಾ ಇದ್ದಳು. ನಾನು ಮಂಜು ನೋಡುತ್ತ ಕೂತಿದ್ದಾಗ ಹೋದವಳು.

ರಘೋತ್ತಮರ ಕ್ಯಾಬಿನ್ನಿಗೆ ಹೋದೆ. ಅವರು ಬಸವನಗುಡಿಯವರು. ಎಂಥ ಸಂದರ್ಭದಲ್ಲೂ ದನಿ ಏರಿಸುವುದಿಲ್ಲವೆಂದು ಆಫೀಸಿನಲ್ಲಿ ಹೆಸರಾದವರು.

“ಅರವತ್ತೊಂದು ಜಮೀನು ಹೋಗಿದೆ ಸರ್. ಚೂರಲ್ಲ, ಜಮೀನು. ಒಂದರಲ್ಲಿ ಗೋರಿಗಳಿವೆ.”

“ಓಕೆ. ಗುಡ್ ಕ್ಯಾಚು. ನೆಕ್ಸ್ಟ್ ವರ್ಷನ್ನಲ್ಲಿ ಹಾಕೋಣ.”

“ಅದು ಯಾವಾಗ?”

“ಸೆಪ್ಟೆಂಬರ್.”

“ಶುಕ್ರವಾರ ಕೊನೇ ದಿನ ಸರ್. ಆಮೇಲೆ ರಸ್ತೆ ಕೆಲಸ ಶುರು.”

“ನೋಡಮ್ಮ, ಈ ವರ್ಷನ್ನು ಲಾಕ್ ಆಗಿದೆ. ಕ್ಲಯಂಟು ಒಪ್ಪಿ ಸೈನ್ ಮಾಡಿದ್ದಾರೆ. ಈಗ ನಾವಾಗೇ ಹೋಗಿ ತಪ್ಪಾಯ್ತು ಅಂದ್ರೆ ಲೀಗಲ್ಲಿನವರು ನನ್ನ ಕುತ್ತಿಗೆಗೆ ಬರ್ತಾರೆ. ಮತ್ತೆ ಒಟ್ಟು ಎಷ್ಟು ಎಕರೆ ಅದು? ನೂರೆಂಬತ್ತಾ? ಆರು ಲಕ್ಷ ಎಕರೆ ರಿಸರ್ವೇಶನ್ನಲ್ಲಿ ನೂರೆಂಬತ್ತು. ಪರ್ಸೆಂಟೇಜ್ ಹಾಕಿ ನೋಡು. ಲೆಕ್ಕಕ್ಕೇ ಬರಲ್ಲ, ರೌಂಡಿಂಗ್ ಎರರು.”

“ಅವರ ಅಜ್ಜಿ ರೌಂಡಿಂಗ್ ಎರರಾ ಸರ್?”

“ನೋಡಪ್ಪ, ಡ್ರಾಮಾ ಶುರುವಾಯ್ತು.” ಅವರು ನಕ್ಕರು. ನಿಜವಾಗಿ, ಪ್ರೀತಿಯಿಂದಲೇ ನಕ್ಕರು. “ನೀನು ಮ್ಯಾಪಲ್ಲಿ ಆನೆ ಕುದುರೆ ಹುಡುಕ್ತಾ ಕೂತಿರ್ತೀಯಲ್ಲ, ಅದೇ ಚೆಂದ. ಹೋಗು, ಕಾಫಿ ಕುಡಿ.”

ಕಾಫಿ ಕುಡಿದೆ. ಅದನ್ನು ಹೇಳಲೇಬೇಕು. ಅಷ್ಟು ಸಿಟ್ಟಿನಲ್ಲೂ, ಅವರು ಹೇಳಿದ ಹಾಗೆ ಹೋಗಿ, ಮಷೀನಿನ ಮುಂದೆ ನಿಂತು, ಕಾಫಿ ಕುಡಿದೆ.

ಸಂಜೆ ಸಂಪತ್‌ನ ಕಾರಿನಲ್ಲಿ ಮನೆಗೆ. ಅವನು ಫ್ರೀಮಾಂಟಿಗೆ ಹೋಗುವ ದಾರಿಯಲ್ಲಿ ನನ್ನನ್ನು ಯೂನಿಯನ್ ಸಿಟಿಯಲ್ಲಿ ಇಳಿಸುತ್ತಾನೆ. ಸ್ಯಾನ್ ಮಟಿಯೋ ಸೇತುವೆಯ ಮೇಲೆ ಟ್ರಾಫಿಕ್ಕು ನಿಂತಿತ್ತು. ಎರಡೂ ಕಡೆ ನೀರು.

“ಬೇರೆ ಎಲ್ಲ ಕೆಲಸಕ್ಕೂ ಕ್ಲೀನಪ್ಪಿನ ಅಳತೆ ಅರ್ಧ ಎಕರೆ ಅಲ್ವಾ?” ಕೇಳಿದೆ. “ಇದಕ್ಕೆ ಯಾಕೆ ಐದು?”

“ನನ್ನ ಹತ್ರ ಕೇಳ್ಬೇಡ ಮಾರಾಯ್ತಿ.”

“ಕೇಳ್ತಿದೀನಿ.”

ಅವನು ರೇಡಿಯೋ ಆರಿಸಿದ. “ಅರ್ಧವೇ ಇದ್ದದ್ದು. ಕೌಂಟಿಯವರು ಮೀಟಿಂಗಲ್ಲಿ ಹೇಳಿದ್ರು, ಮ್ಯಾಪು ತುಂಬಾ ಗಿಜಿಗಿಜಿ ಕಾಣ್ತದೆ, ಆ ಸಣ್ಣ ಸಣ್ಣ ಕಲೆ ಎಲ್ಲ ತೆಗೀರಿ ಅಂತ. ಎಷ್ಟರವರೆಗೆ ತೆಗೀಬೇಕು ಕೇಳಿದ ರಘೋತ್ತಮ. ಐದು ಹಾಕಿದ್ರೆ ರಸ್ತೆ ಹತ್ರದ್ದೆಲ್ಲ ಹೋಗ್ತದಾ ಕೇಳಿದ್ರು. ಹೋಗ್ತದೆ ಅಂದ ಇವ. ಅಷ್ಟೇ.”

“ಅಂದ್ರೆ ಗೊತ್ತಿದ್ದೂ ಮಾಡಿದ್ದು.”

“ಅವರಿಗೆ ಗೊತ್ತಿತ್ತು. ಇವನಿಗೆ ಗೊತ್ತು ಮಾಡ್ಕೊಳ್ಳುವ ಮನಸ್ಸಿರಲಿಲ್ಲ.”

“ನೀನು ಆ ಮೀಟಿಂಗಲ್ಲಿದ್ದೆಯಾ?”

“ಸ್ಕ್ರೀನ್ ಶೇರ್ ಮಾಡಿದ್ದೇ ನಾನು.”

“ಬಾಯಿ ಬಿಡ್ಲಿಲ್ವಾ?”

ಅವನು ತಿರುಗಿ ನನ್ನನ್ನು ನೋಡಿದ. “ಗುಂಡಿ ಒತ್ತುವಾಗ ನೀನು ಬಿಟ್ಟಿದ್ಯಾ?”

ಅವನ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ತಿರುಗಿ ನನ್ನ ಮೇಲೆಯೇ ಬಿತ್ತು. ಬಿದ್ದಷ್ಟೂ ಉರಿಯಿತು.

ಮನೆಯಲ್ಲಿ ಅಜ್ಜಿ ಬಾಲ್ಕನಿಯಲ್ಲಿ ಕೂತು ಬಾರ್ಟ್ ರೈಲು ನೋಡುತ್ತಿದ್ದಳು. ನನ್ನ ಅಜ್ಜಿ ಸಣ್ಣತಾಯಮ್ಮ, ತಿರುಮಕೂಡಲಿನ ಕಡೆಯವಳು. ಅಪ್ಪ ಅಮ್ಮ ಇಲ್ಲಿ ಕೆಲಸ ಹುಡುಕಿಕೊಂಡಿದ್ದಾಗ ಹೈಸ್ಕೂಲು ಮುಗಿಯುವವರೆಗೆ ನನ್ನನ್ನು ಮೈಸೂರಿನಲ್ಲಿ ಸಾಕಿದವಳು ಅವಳು, ಅನ್ನಕ್ಕಿಂತ ಹೆಚ್ಚು ಕತೆ ಹಾಕಿ. ಆಮೇಲೆ ನಮ್ಮಿಬ್ಬರನ್ನೂ ಒಟ್ಟಿಗೇ ಇಲ್ಲಿಗೆ ಕರೆಸಿಕೊಂಡರು. ಅವಳ ಕತೆಗೆ ಒಂದೇ ಕಟ್ಟಳೆ, ಕೇಳುವವರು ಮಾತುಮಾತಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಹಾಗಾಗಿ ಮೊರದ ನೆಂಟನ ಕತೆಯ ಕೊನೆ ನನಗೆ ಗೊತ್ತೇ ಇಲ್ಲ. ಚಿಕ್ಕವಳಿದ್ದಾಗ ಪ್ರತಿ ಸಲ ಕೊನೆಗೆ ಮುಂಚೆ ನಿದ್ದೆ ಬಂದುಬಿಡುತ್ತಿತ್ತು.

“ಯಾಕವ್ವ, ಮಕ ಇಂಗ್ ಮಾಡ್ಕಂಡಿದ್ದೀಯೆ? ಯಾರಾರ ಏನಾರ ಅಂದ್ರಾ?”

ಎಲ್ಲ ಹೇಳಿದೆ. ಗುಂಡಿ, ಐದು ಎಕರೆ, ಮೂರು ಪುಟ್ಟ ಮನೆ. ಅಜ್ಜಿ ನಡುವೆ ಒಂದು ಸಲವೂ ತಡೆಯಲಿಲ್ಲ. ಹೂಂ, ಹೂಂ ಅನ್ನುತ್ತಲೇ ಇದ್ದಳು.

“ಆ ಯಮ್ಮನ್ಗೆ ಯೋಳ್ದಾ, ವರ್ಸ್ದೋಳು ನಾನೇಯ ಅಂತವ?”

“ಇಲ್ಲ.”

“ಯಾಕೆ? ನಾಲ್ಗೆ ಬಿದ್ದೋಗಿತ್ತಾ?”

“ಭಯ ಆಯ್ತು ಅಜ್ಜಿ.”

“ಗುಂಡಿ ಅಮುಕ್ವಾಗ ಆಗ್ನಿಲ್ವಲ್ಲ ಬಯ.” ಎದ್ದು ಒಳಗೆ ಹೋಗಿ ಸಾರಿನ ಒಲೆ ಆರಿಸಿ ಬಂದಳು. “ಕೂತ್ಕೊ. ಹೂಂ ಅನ್ನು.”

ಊರಿಗೆ ಒಬ್ಬ ನೆಂಟ ಬರುತ್ತಾನೆ, ಕಂಕುಳಲ್ಲಿ ಒಂದು ಮೊರ. ಮೊರ ಇಡುವಷ್ಟು ಜಾಗ ಕೊಡ್ರಪ್ಪ, ಕೂತು ಸುಧಾರಿಸಿಕೊಂಡು ಹೋಗುತ್ತೇನೆ ಅನ್ನುತ್ತಾನೆ. ಕೊಡುತ್ತಾರೆ. ಮಾರನೇ ದಿನ ಮೊರವನ್ನು ಪಕ್ಕಕ್ಕಿಡುತ್ತಾನೆ. ನಿನ್ನೆ ಕೂತದ್ದು ನನ್ನದಾಯಿತಲ್ಲ, ಇವತ್ತಿಗೆ ಇಷ್ಟು ಕೊಡಿ. ಹೀಗೆ ದಿನಕ್ಕೊಂದು ಮೊರ. ಅಂಗಳ ಹೋಯಿತು, ಕಣ ಹೋಯಿತು, ಹಟ್ಟಿ ಹೋಯಿತು, ಬಾವಿಕಟ್ಟೆ ಹೋಯಿತು. ಕೊನೆಗೆ ಒಬ್ಬಳು ಮುದುಕಿ ಉಳಿಯುತ್ತಾಳೆ, ಒಂಟಿಕಾಲಲ್ಲಿ, ತನ್ನ ಒಳಕಲ್ಲಿನ ಮೇಲೆ. ಆ ಕಾಲೊಂದು ಎತ್ತವ್ವ, ಗುಡಿಸಿಕೊಳ್ಳುತ್ತೇನೆ ಅನ್ನುತ್ತಾನೆ ನೆಂಟ. ನನಗೆ ನಿದ್ದೆ ಬರುತ್ತಿದ್ದದ್ದು ಇಲ್ಲಿಯೇ.

“ಹೂಂ,” ಅಂದೆ.

“ಎತ್ತೀನಿ ಕಣಪ್ಪ, ಅದ್ಕೇನಂತೆ ಅಂದ್ಲು. ಮೊದ್ಲು ನಾನು ಲೆಕ್ಕ ಒಪ್ಪುಸ್ಬೇಕು, ನೀನು ಹೂಂ ಅನ್ಬೇಕು. ನಡುವ್ಲಿ ಬುಟ್ರೆ ನೆಲ ನಿಂದಲ್ಲ. ಆಯ್ತು ಅಂದ ಅವ್ನು. ಇವ್ಳು ಸುರು ಮಾಡುದ್ಲು. ನೀ ಮೊದ್ಲು ಕೂತ್ಯಲ್ಲ, ಅದು ಮರಿಯಮ್ಮನ ಅಂಗ್ಳ. ಹೂಂ ಅನ್ನು. ಅದ್ರ ಪಕ್ದಲ್ಲಿ ಕೂತ್ಯಲ್ಲ, ಅದು ಕೆಂಚಿ ಹೆತ್ತ ಜಾಗ. ಹೂಂ ಅನ್ನು. ಅದರಾಚ್ಗೆ ಜವ್ರನ್ನ ಮಣ್ಣು ಮಾಡಿದ್ದು...”

“ಹೂಂ. ಆಮೇಲೆ?”

“ಆಮೇಲೇನು. ಇನ್ನೂ ಯೋಳ್ತಾ ಅವ್ಳೆ. ಕಾಲೂ ಎತ್ತಿಲ್ಲ.” ಅಜ್ಜಿ ಸೆರಗಿಂದ ಮೂಗೊರೆಸಿಕೊಂಡಳು. “ಏಳು, ಅನ್ನಕ್ಕಿಡು. ಮಕ ತೊಳ್ಕೊ ಮೊದ್ಲು, ನೋಡಕಾಗಲ್ಲ.”

ಬುಧವಾರ ಆಫೀಸಿನಲ್ಲಿ ಅರವತ್ತೊಂದನ್ನೂ ಬರೆದುಕೊಂಡೆ. ಕಂಪನಿಯ ಫೈಲನ್ನು ಹೊರಗೆ ಕಳಿಸಿದರೆ ತಕ್ಷಣ ತಿಳಿಯುತ್ತದೆ, ಕೈಬರಹ ಯಾರಿಗೂ ತಿಳಿಯುವುದಿಲ್ಲ. ಬ್ಯಾಗಿನಲ್ಲಿದ್ದದ್ದು ಅಜ್ಜಿಯ ಗ್ರೋಸರಿ ಪಟ್ಟಿಯ ಪುಟ್ಟ ಪುಸ್ತಕ. ‘ಹುರುಳಿ, ಕೊಬ್ಬರಿ’ ಎಂದು ನಾನೇ ಬರೆದಿದ್ದ ಹಾಳೆಯ ಹಿಂದಿನಿಂದ ಶುರುಮಾಡಿದೆ. ಅವಸರದಲ್ಲಿ ಕೈ ತಾನಾಗಿ ಕನ್ನಡಕ್ಕೆ ಹೋಯಿತು. ನಂಬರು, ಎಕರೆ, ಯಾರ ಹೆಸರಿನಲ್ಲಿತ್ತೋ ಆ ಹೆಸರು.

ರಘೋತ್ತಮ ಹಿಂದಿನಿಂದ ಹಾದುಹೋಗುತ್ತ ಬಗ್ಗಿದರು. “ಏನಿದು, ಕವಿತೆನಾ?”

“ಹೌದು ಸರ್.”

“ವೆರಿ ಗುಡ್. ಕನ್ನಡ ಕೂಟದ ದೀಪಾವಳಿ ಸಂಚಿಕೆಗೆ ಕೊಡು.”

ಡೊರೀನ್‌ಗೆ ಫೋನ್ ಮಾಡಿ, ಶುಕ್ರವಾರ ಮಧ್ಯಾಹ್ನ ಬರುತ್ತೇನೆ ಅಂದೆ. ಐದು ಗಂಟೆಗೆ ಬೇಕಾದಷ್ಟು ಸಮಯವಿದೆ ಎಂದು ನನ್ನ ಲೆಕ್ಕ.

ಶುಕ್ರವಾರ ರಜೆ ಹಾಕಿ ಓಕ್ಲೆಂಡಿನ ಫ್ರೂಟ್‌ವೇಲ್ ಸ್ಟೇಷನ್ನಿನಲ್ಲಿ ಇಳಿದಾಗ ಒಂದೂಕಾಲು. ಅವರದು ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಅಪಾರ್ಟ್‌ಮೆಂಟು. ಅಡುಗೆಮನೆಯಲ್ಲಿ ಕಪ್ಪನೆಯ ಉದ್ದ ಅಕ್ಕಿ ಬೇಯುತ್ತಿತ್ತು. ಅವರ ಸರೋವರದ ನೀರಿನಲ್ಲಿ ತಾನಾಗಿ ಬೆಳೆಯುವ ಅಕ್ಕಿ. ಸೋದರಳಿಯ ಕಳಿಸಿದ್ದಂತೆ. ಕೂರು ಅನ್ನುವ ಮುಂಚೆಯೇ ಹೇಳಿದೆ.

“ಅಳಿಸಿದವಳು ನಾನು.”

ಅವರು ಒಲೆ ಆರಿಸಿದರು. “ಗೊತ್ತಿತ್ತು. ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಬಂದಾಗಲೇ ಗೊತ್ತಾಯ್ತು.” ಆಮೇಲೆ, “ಬೆರಳು ತೋರಿಸು,” ಅಂದರು.

ತೋರಿಸಿದೆ. ಹಿಡಿದು, ತಿರುಗಿಸಿ, ಔಷಧಿಯ ಚೀಟಿ ಓದುವ ಹಾಗೆ ನೋಡಿದರು.

“ಸಣ್ಣ ಬೆರಳು. ನನ್ನ ಅಜ್ಜಿಯ ಅಣ್ಣನ ಎದೆ ಗೀರಿದವನದೂ ಸಣ್ಣ ಬೆರಳೇ ಅಂತೆ.”

ನಾನು ತಿಳಿಯದೆ ಹೂಂ ಅಂದೆ.

“ಮೊದಲು ಸರ್ಕಾರದವರು ಒಪ್ಪಂದದಲ್ಲಿ ಆರು ಲಕ್ಷ ಎಕರೆಗೆ ಒಂದು ಗೆರೆ ಎಳೆದರು. ಗೆರೆಯೊಳಗೆಲ್ಲ ನಿಮ್ಮದು, ಎಲ್ಲರದೂ ಒಟ್ಟಿಗೆ, ಯಾವತ್ತಿಗೂ ಅಂದರು. ಇಪ್ಪತ್ತು ವರ್ಷ ಆಗಿತ್ತೋ ಇಲ್ಲವೋ, ಒಟ್ಟಿಗೆ ಇಟ್ಟುಕೊಂಡರೆ ನೀವು ಉದ್ಧಾರ ಆಗಲ್ಲ ಅಂತ ತಲೆಗೆ ಎಂಬತ್ತು ಎಕರೆ ಹಂಚಿದರು. ಹಂಚಿ ಮಿಕ್ಕಿದ್ದು ಹೆಚ್ಚಾಯ್ತು ಅಂತ ಬೇರೆಯವರಿಗೆ ಕೊಟ್ಟರು. ಹೆಚ್ಚಂತೆ! ನನ್ನ ಮುತ್ತಜ್ಜಿಯ ಎಂಬತ್ತು ಇಬ್ಬರು ಮಕ್ಕಳಿಗೆ ನಲವತ್ತು ನಲವತ್ತಾಯ್ತು. ಶುದ್ಧ ರಕ್ತದವರು ಜಮೀನು ಮಾರೋ ಹಾಗಿಲ್ಲ, ಮಿಶ್ರ ರಕ್ತದವರು ಮಾರಬಹುದು ಅಂತ ಕಾನೂನು ಬಂತು. ಮಿಶ್ರ ಯಾರು ಅಂತ ಹೇಳೋಕೆ ಓದಿದವರು ಬಂದರು. ಅಂಗಿ ಬಿಚ್ಚಿಸಿ ಎದೆ ಮೇಲೆ ಉಗುರಲ್ಲಿ ಗೀರಿದರು. ಕೆಂಪಗಾದರೆ ಮಿಶ್ರ.”

“ಹೂಂ.”

“ಯಾರ ಎದೆ ಗೀರಿದರೆ ಕೆಂಪಗಾಗಲ್ಲ? ಅಣ್ಣನದು ಆಯ್ತು. ಮರದ ವ್ಯಾಪಾರಿ ಒಂದು ಹೊಲಿಗೆ ಮಷೀನು, ಒಂದು ಕಾಗದ ತಂದ. ನಲವತ್ತು ಹೋಯ್ತು. ಅಜ್ಜಿಯ ನಲವತ್ತರಲ್ಲಿ ಇಪ್ಪತ್ತನ್ನ ಅವಳನ್ನ ಕೇಳದೆ ತೆರಿಗೆ ಜಮೀನು ಮಾಡಿದರು. ತೆರಿಗೆ ಕಟ್ಟಬೇಕು ಅಂತ ಅವಳಿಗೆ ತಿಳಿದದ್ದು ಜಪ್ತಿಗೆ ಬಂದಾಗ. ಅಣೆಕಟ್ಟು ಎತ್ತರಿಸಿದರು, ಹದಿನೈದೂವರೆ ನೀರಿನಡಿ ಹೋಯ್ತು. ಉಳಿದದ್ದು ನಾಲ್ಕೂವರೆ. ಐವತ್ತೇಳರಲ್ಲಿ ನನ್ನ ಅಪ್ಪನಿಗೆ ಒಂದು ಕಡೆಯ ಟಿಕೆಟ್ಟು ಕೊಟ್ಟು, ಓಕ್ಲೆಂಡಲ್ಲಿ ಕೆಲಸ ಇದೆ ಹೋಗು ಅಂದರು. ನನಗಾಗ ಒಂಬತ್ತು ವರ್ಷ. ಗೆರೆ ಇನ್ನೂ ಇದೆ, ಗೊತ್ತಾ? ಆ ಗೆರೆಯನ್ನ ಯಾರೂ ಅಳಿಸಿಲ್ಲ, ಕಾನೂನಲ್ಲಿ ಇವತ್ತಿಗೂ ಇದೆ. ಅದರೊಳಗೆ ನಮ್ಮ ಹೆಸರಲ್ಲಿರೋದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಲ್ಲೊಂದು ಇಲ್ಲೊಂದು ಪುಡಿ. ಆ ಪುಡಿಯನ್ನ ಗುಡಿಸೋಕೆ ನಿನಗೆ ಎಷ್ಟು ಸೆಕೆಂಡು ಹಿಡೀತು?”

“ಹನ್ನೊಂದು.”

“ಹನ್ನೊಂದು.” ಅವರು ತಲೆಯಾಡಿಸಿದರು. “ಅದೇನದು, ಆಗಿನಿಂದ ಗಂಟಲಲ್ಲಿ ಸದ್ದು ಮಾಡ್ತಿದ್ದೀಯಲ್ಲ?”

ಹೇಳಿದೆ. ಕೇಳುವವರು ಹೂಂ ಅನ್ನದಿದ್ದರೆ ನಮ್ಮಲ್ಲಿ ಕತೆ ಮುಂದಕ್ಕೆ ಹೋಗುವುದಿಲ್ಲ ಎಂದು.

“ನನ್ನ ಹತ್ತಿರ ಹೂಂ ಅಂದು ಉಪಯೋಗ ಇಲ್ಲ. ಅವರ ಹತ್ತಿರ ಅನ್ನಿಸು.” ಗೋಡೆಯ ಗಡಿಯಾರ ನೋಡಿದರು. “ಒಂದು ಮುಕ್ಕಾಲು. ಬೇಗ.”

“ಐದಕ್ಕಲ್ಲವಾ?”

“ಅಲ್ಲಿನ ಐದು. ಅವರ ಐದು ಅಂದರೆ ನಮ್ಮ ಮೂರು. ನಕ್ಷೆ ಮಾಡ್ತೀಯ, ಇದು ಗೊತ್ತಿಲ್ವಾ?”

ಕೆನ್ನೆಗೆ ಹೊಡೆದ ಹಾಗಾಯಿತು. ಫೋನ್ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆವು. ಕೌಂಟಿಯ ಗುಮಾಸ್ತೆ ತೆಗೆದಳು. ದನಿಯಲ್ಲಿ ಶುಕ್ರವಾರದ ಆಯಾಸ. ಈ ಕರೆ ರೆಕಾರ್ಡ್ ಆಗುತ್ತಿದೆ ಎಂದಳು. ಒಳ್ಳೆಯದು ಎಂದೆ. ನನ್ನ ಹೆಸರು ಹೇಳಿದೆ, ಕಂಪನಿಯ ಹೆಸರು ಹೇಳಿದೆ. ನಿಮ್ಮ ನೋಟೀಸಿನ ನಕ್ಷೆ ಮಾಡಿದವಳು ನಾನು, ಅದು ತಪ್ಪು, ಅರವತ್ತೊಂದು ಜಮೀನನ್ನು ನಾನೇ ಅಳಿಸಿದ್ದೇನೆ, ಐದು ಎಕರೆಯ ಅಳತೆಯನ್ನು ಕೇಳಿದ್ದು ನಿಮ್ಮ ಕಚೇರಿ ಎಂದೆ.

“ಒಂದು ನಿಮಿಷ,” ಎಂದು ಗುಮಾಸ್ತೆ ಹಾಡು ಹಾಕಿ ಹೋದಳು. ಏಳು ನಿಮಿಷ ಹಾಡು. ಎರಡಕ್ಕೆ ಐದು ನಿಮಿಷವಿದ್ದಾಗ ನನ್ನ ಇನ್ನೊಂದು ಫೋನು, ಆಫೀಸಿನದು, ನಡುಗತೊಡಗಿತು. ರಘೋತ್ತಮ. ಮತ್ತೆ ರಘೋತ್ತಮ. ಕೌಂಟಿಯಿಂದ ಫೋನ್ ಹೋಗಿರಬೇಕು. ಕಮುಚಿ ಹಾಕಿದೆ.

ಗುಮಾಸ್ತೆ ಮರಳಿ ಬಂದಳು. “ನೀವು ಅದನ್ನೆಲ್ಲ ಇಮೇಲ್ ಮಾಡಿ.”

“ಬಾಯಲ್ಲಿ ಹೇಳುವ ಆಕ್ಷೇಪಣೆಯನ್ನೂ ಬರೆದುಕೊಳ್ಳಬೇಕು ಅಂತ ನಿಮ್ಮ ನೋಟೀಸಿನ ಕೊನೇ ಸಾಲಲ್ಲಿದೆ,” ಅಂದರು ಡೊರೀನ್. “ಕನ್ನಡಕ ಹಾಕಿಕೊಂಡು ಓದಿದ್ದೇನೆ.”

“ಸರಿ, ಒಟ್ಟಾರೆ ಅರವತ್ತೊಂದು ಅಂತ ಬರೆದುಕೊಳ್ಳಲಾ?”

“ಇಲ್ಲ. ಒಂದೊಂದಾಗಿ.”

ನಾನು ಗ್ರೋಸರಿ ಪುಸ್ತಕ ತೆರೆದೆ. ಡೊರೀನ್ ಬಗ್ಗಿ ನನ್ನ ಅಕ್ಷರಗಳನ್ನು ನೋಡಿದರು. “ಇದೇನು, ಜಿಲೇಬಿ ಇದ್ದ ಹಾಗಿದೆ.” ಬರ್ಕ್ಲಿಯ ಅಂಗಡಿಯಲ್ಲಿ ತಿಂದು ಅದು ಗೊತ್ತಂತೆ. ಅವರಿಗೆ ಓದಲು ಬಾರದ್ದರಿಂದ ನಾನೇ ಓದಬೇಕಾಯಿತು. ಎಷ್ಟನೆಯದೆಂದು ಹೇಳುತ್ತಿದ್ದೆ, ನಂಬರು ಹೇಳುತ್ತಿದ್ದೆ, ಎಕರೆ ಹೇಳುತ್ತಿದ್ದೆ, ಹೆಸರು ಹೇಳುತ್ತಿದ್ದೆ. ನಾನು ತಪ್ಪಾಗಿ ಅಂದ ಹೆಸರನ್ನು ಡೊರೀನ್ ಸರಿಯಾಗಿ ಅನ್ನುತ್ತಿದ್ದರು. ಆಮೇಲೆ ಒಂದು ಮಾತು ಸೇರಿಸುತ್ತಿದ್ದರು. ಇವನು ದೋಣಿ ಮಾಡುತ್ತಿದ್ದ. ಇವಳಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇವರ ಮನೆಯ ಹಿಂದೆ ಮೇಪಲ್ ಮರಗಳಿದ್ದವು. ಇವರು ಯಾರೋ ನನಗೆ ಗೊತ್ತಿಲ್ಲ, ಆದರೆ ಇದ್ದರು, ಬರೆದುಕೋ.

ಪ್ರತಿ ಸಲ ಆಚೆಯಿಂದ ಗುಮಾಸ್ತೆ, ಬರೆದುಕೊಂಡೆ ಎನ್ನುವ ಹಾಗೆ, “ಮ್‌ಹೂಂ.”

ಹತ್ತನೆಯದಕ್ಕೆ ಆ ಸದ್ದಿನಲ್ಲಿ ಬೇಸರವಿತ್ತು. ಇಪ್ಪತ್ತನೆಯದಕ್ಕೆ, “ಇದೆಲ್ಲ ವಿವರ ಬೇಕಾಗಿಲ್ಲ,” ಅಂದಳು.

“ನಿನ್ನ ಅಜ್ಜಿ ಎಲ್ಲಿದ್ದಾಳೆ?” ಡೊರೀನ್ ಕೇಳಿದರು.

“ಏನು?”

“ಎಲ್ಲಿ ಹೂತಿದ್ದೀರಿ?”

ಆಚೆ ಕುರ್ಚಿ ಕಿರುಗುಟ್ಟಿತು. “ಚರ್ಚಿನ ಹಿಂದೆ.”

“ಅದು ಎಷ್ಟು ಎಕರೆ?”

“ಮುಂದಿನದು ಹೇಳಿ,” ಅಂದಳು ಗುಮಾಸ್ತೆ. ಆಮೇಲೆ ವಿವರ ಬೇಡ ಅನ್ನಲಿಲ್ಲ. ನಾವು ಹೇಳಿದೆವು, ಅವಳು ಮ್‌ಹೂಂ ಅಂದಳು. ಮೂವತ್ತು. ನಲವತ್ತು. ಡೊರೀನ್ ನೀರಿನ ಲೋಟ ನನ್ನ ಕಡೆ ತಳ್ಳಿದರು, ಮುಖ ನೋಡದೆ. ಸಂಪತ್‌ನ ಮೆಸೇಜು ನನ್ನ ಫೋನಿನ ಮೇಲೆ ಮಿಂಚಿತು: ‘ಎಂತ ಮಾಡಿದ್ದು ನೀನು. ನಿನ್ನ ಲಾಗಿನ್ ತೆಗೆದ್ರು. ಕೌಂಟಿಯವರ ಮೀಟಿಂಗಿದ್ದು ರೆಕಾರ್ಡಿಂಗ್ ನನ್ನ ಹತ್ರ ಉಂಟು.’ ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಓದುವಾಗ ನಲವತ್ತಮೂರನೆಯದು ತಪ್ಪಿ ನಲವತ್ತನಾಲ್ಕಕ್ಕೆ ಹೋದೆ.

“ಒಂದು ಬಿಟ್ಟೆ,” ಅಂದರು ಡೊರೀನ್. ಅವರು ಬೆರಳು ಮಡಿಸಿ ಎಣಿಸುತ್ತಿದ್ದರು. “ಮತ್ತೆ ಬಿಡ್ತೀಯಾ?”

“ಇಲ್ಲ.”

ಹಿಂದಕ್ಕೆ ಹೋದೆ. ಮುಕ್ಕಾಲು ಎಕರೆ. ಹೆಸರು ಹೇಳಿದೆ.

ಅಗತಾಳನ್ನು ಡೊರೀನ್ ಕೊನೆಗೆ ಇರಿಸಿಕೊಂಡಿದ್ದರು. ಮೂರಕ್ಕೆ ನಾಲ್ಕು ನಿಮಿಷವಿತ್ತು. ಅರವತ್ತು ಮುಗಿದಾಗ ನನ್ನ ಕೈಮೇಲೆ ಕೈಯಿಟ್ಟು ಪುಸ್ತಕ ಮುಚ್ಚಿಸಿದರು. ಇದನ್ನು ಓದುವುದು ಬೇಕಿರಲಿಲ್ಲ. ನಂಬರು ಅವರ ಬಾಯಲ್ಲೇ ಇತ್ತು.

“ನಾಲ್ಕೂವರೆ ಎಕರೆ. ಅಗತಾ. ಮೂರು ಮನೆಗಳಿವೆ.”

“ಮನೆಗಳಾ?” ಗುಮಾಸ್ತೆ ಕೇಳಿದಳು. “ನಕ್ಷೆಯಲ್ಲಿ ಅಲ್ಲಿ ಯಾವ ಕಟ್ಟಡವೂ ಇಲ್ಲ.”

“ನಕ್ಷೆ ಮಾಡಿದವಳು ಇಲ್ಲೇ ಕೂತಿದ್ದಾಳೆ. ಕೇಳು.”

ಇಬ್ಬರೂ ನನಗಾಗಿ ಕಾದರು. ನಾನು ಆ ಸರೋವರ ನೋಡಿಲ್ಲ. ಆ ಮನೆಗಳನ್ನು ನೋಡಿಲ್ಲ. ಮೊಣಕಾಲೆತ್ತರ, ಸೂರು, ಒಂದು ಕಿಂಡಿ.

“ಇವೆ,” ಅಂದೆ. “ಮೂರು. ಬರೆದುಕೊಳ್ಳಿ.”

ಗುಮಾಸ್ತೆ ಬರೆದುಕೊಂಡಳು. ಕೀಲಿಗಳ ಸದ್ದು ನಮಗೆ ಕೇಳಿಸಿತು. ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ ದಾಖಲೆಯ ನಂಬರು ಕೊಟ್ಟಳು, ವಿಚಾರಣೆ ಜೂನ್ ಒಂಬತ್ತಕ್ಕೆ, ಅಲ್ಲಿಯವರೆಗೆ ಕೆಲಸ ತಡೆ ಎಂದಳು. ಫೋನ್ ಇಟ್ಟಳು.

ಡೊರೀನ್ ಒಲೆ ಮತ್ತೆ ಹಚ್ಚಿದರು. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ನಾನು ಎದ್ದು ಹೋಗಿರುತ್ತಿದ್ದೆ. ಬೆಂದ ಅಕ್ಕಿಯನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ನನ್ನ ಮುಂದೆ ಸದ್ದಾಗುವ ಹಾಗೆ ಇಟ್ಟರು.

“ಜೂನ್ ಒಂಬತ್ತಕ್ಕೆ ಅಲ್ಲಿಗೆ ಬರ್ತೀಯ. ಫೋನಲ್ಲಲ್ಲ. ಎಲ್ಲರ ಮುಂದೆ ನಿಂತು ಇನ್ನೊಂದು ಸಲ ಹೇಳ್ತೀಯ. ಮೊದಲಿಂದ.”

ಬಾಯಲ್ಲಿ ಅನ್ನವಿತ್ತು. ಹೂಂ ಅಂದೆ.